ನಿಂತ ತೇರು

ನಾವು ಕ್ಯಾರವಾನ್ ಕೊಂಡ ಸುದ್ದಿ ಮೈಸೂರಿಗೆ ಮುಟ್ಟಿದಾಗ ನನ್ನ ಸೋದರಮಾವ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, ‘ಯಾವ ಪಿಕ್ಚರ್‌ಗೋ? ಹೀರೋ ಯಾರು?’ ಅವರ ತಪ್ಪಲ್ಲ. ನಮ್ಮ ಕಡೆ ಕ್ಯಾರವಾನ್ ಎಂದರೆ ಶೂಟಿಂಗ್ ನಡುವೆ ನಾಯಕ ನಟರು ಮೇಕಪ್ ಕೆಡದ ಹಾಗೆ ಏಸಿಯಲ್ಲಿ ಕೂರುವ ಬಸ್ಸು. ಇಂಗ್ಲೆಂಡಿನಲ್ಲಿ ಹಾಗಲ್ಲ. ಇಲ್ಲಿ ಅದು ಎಂಜಿನ್ ಇಲ್ಲದ, ಸಾಮಾನ್ಯವಾಗಿ ಎರಡೇ ಚಕ್ರದ, ದೊಡ್ಡ ಬ್ರೆಡ್ಡಿನಂಥ ಬಿಳಿ ಡಬ್ಬ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗಬೇಕು. ಒಳಗೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಇರುತ್ತವೆ, ಯಾವುದರಲ್ಲೂ ತಿರುಗಿ ನಿಲ್ಲಲು ಜಾಗ ಇರುವುದಿಲ್ಲ. ರಜೆ ಬಂತೆಂದರೆ ಹಳ್ಳಿ ರಸ್ತೆಗಳಲ್ಲಿ ಇಂಥದೊಂದು ಮುಂದೆ ತೆವಳುತ್ತದೆ, ಹಿಂದೆ ಕಾರುಗಳು ಸಾಲುಗಟ್ಟಿ ಶಾಪ ಹಾಕುತ್ತಾ ಬರುತ್ತವೆ. ನಾವೂ ಹನ್ನೆರಡು ವರ್ಷ ಶಾಪ ಹಾಕಿದೆವು. ಆಮೇಲೆ ಹಾಕಿಸಿಕೊಳ್ಳುವವರ ಕಡೆ ಸೇರಿದೆವು.

ಅದಕ್ಕೆ ಹೆಸರಿಟ್ಟವರು ನಮ್ಮ ಮಾವ, ಹೆಂಡತಿಯ ತಂದೆ. 2011ರಲ್ಲಿ, ಆರು ವರ್ಷ ಹಳೆಯದಾದ ಈ ಗಾಡಿಯನ್ನು ಡರ್ಬಿಯ ಹತ್ತಿರದ ವಯಸ್ಸಾದ ದಂಪತಿಗಳಿಂದ ಕೊಂಡಾಗ ಮಾವ ನಮ್ಮಲ್ಲಿಗೆ ಬಂದಿದ್ದರು. ಕೈಯಲ್ಲಿ ಭೈರಪ್ಪನವರ ‘ಸಾರ್ಥ’. ಸಾರ್ಥ ಎಂದರೆ ಸರಕು ಹೇರಿಕೊಂಡು ಊರಿಂದೂರಿಗೆ ಹೋಗುವ ವ್ಯಾಪಾರಿಗಳ ತಂಡ. ಪರ್ಷಿಯನ್ನಿನಿಂದ ಬಂದ ಕ್ಯಾರವಾನ್ ಪದದ ಮೂಲ ಅರ್ಥವೂ ಅದೇ. ‘ಇದಕ್ಕಿಂತ ಒಳ್ಳೆ ಹೆಸರು ಬೇಕೇನಪ್ಪ?’ ಎಂದು ಬಾಗಿಲಿಗೆ ಕುಂಕುಮ ಹಚ್ಚಿ, ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು. ನಾನು ಮುಂದೆ ಹೋಗುವ ಬದಲು ಹಿಂದೆ ಹೋದೆ. ನಿಂಬೆಹಣ್ಣು ಎರಡೂ ಉಳಿದವು. ಪಕ್ಕದ ಮನೆಯವರ ಬೇಲಿ ಉಳಿಯಲಿಲ್ಲ.

ಮೊದಮೊದಲು ಸಾರ್ಥ ಸಾರ್ಥಕವಾಗಿಯೇ ಇತ್ತು. ವೇಲ್ಸಿನ ಕಡಲತೀರ, ವಿಟ್ಬಿ, ಲೇಕ್ ಡಿಸ್ಟ್ರಿಕ್ಟ್. ಹೋದಲ್ಲೆಲ್ಲ ಮಳೆ, ಮಳೆಯಲ್ಲಿ ಕಿಟಕಿಗೆ ಮೂಗೊತ್ತಿಕೊಂಡು ಕೂತ ಮಗಳು. ಈಗ ಮಗಳು ಮ್ಯಾಂಚೆಸ್ಟರಿನಲ್ಲಿ ಕೆಲಸದಲ್ಲಿದ್ದಾಳೆ. ರಜೆ ಬಂದರೆ ಸ್ಪೇನಿಗೆ ಹಾರುತ್ತಾಳೆ. ಸಾರ್ಥ ಊರಾಚೆ ಒಬ್ಬ ರೈತನ ಹೊಲದಲ್ಲಿ, ತನ್ನಂಥವೇ ಅರವತ್ತು ಡಬ್ಬಗಳ ನಡುವೆ ಬಾಡಿಗೆ ಕೊಟ್ಟು ನಿಂತಿದೆ. ಹೋದ ವರ್ಷ ಅದರಲ್ಲಿ ನಾವು ಮಲಗಿದ್ದು ಐದು ರಾತ್ರಿ.

ಈ ಐದನ್ನು ನನ್ನ ಹೆಂಡತಿ ಲೆಕ್ಕ ಹಾಕಿದಳು. ಕರೆಂಟ್ ಬಿಲ್ಲಿನ ಲಕೋಟೆಯ ಹಿಂದೆ ಅವಳು ಲೆಕ್ಕ ಬರೆಯಲು ಕೂತರೆ ಮನೆಯಲ್ಲಿ ಏನೋ ಒಂದು ಮಾರಾಟವಾಗುತ್ತದೆ ಎಂದೇ ಅರ್ಥ. ಹೊಲದ ಬಾಡಿಗೆ ವರ್ಷಕ್ಕೆ 480 ಪೌಂಡ್, ವಿಮೆ 165, ಸರ್ವೀಸು 255. ಒಟ್ಟು 900. ಭಾಗಿಸು ಐದು. ‘ರಾತ್ರಿಗೆ 180 ಆಯ್ತು ರೀ. ಹೋದಲ್ಲಿ ಗಾಡಿ ನಿಲ್ಲಿಸೋಕೆ ಸೈಟಿನವರಿಗೆ ಕೊಡೋ 30 ಬೇರೆ. ಇಷ್ಟಕ್ಕೆ ಸಮುದ್ರ ಕಾಣೋ ರೂಮು, ಬೆಳಗ್ಗೆ ತಿಂಡಿ, ಟಾಯ್ಲೆಟ್ ಡಬ್ಬ ನೀವೇ ಹೊತ್ಕೊಂಡು ಹೋಗಿ ಸುರಿಯದೇ ಇರೋ ಭಾಗ್ಯ, ಎಲ್ಲಾ ಸಿಗುತ್ತೆ.’ ಕೊನೆಯ ಮಾತು ನನಗೆ ನಾಟಿತು. ಕ್ಯಾರವಾನಿನ ಬಚ್ಚಲಿಗೆ ಚರಂಡಿ ಇಲ್ಲ. ಕೆಳಗೆ ಸೂಟ್‌ಕೇಸಿನಂಥ ಪೆಟ್ಟಿಗೆ ಇರುತ್ತದೆ. ತುಂಬಿದಾಗ ಅದನ್ನು ಗಾಡಿಯ ಹೊರಬಾಗಿಲಿನಿಂದ ಎಳೆದು, ಎದುರು ಬಂದವರಿಗೆಲ್ಲ ಗುಡ್ ಮಾರ್ನಿಂಗ್ ಹೇಳುತ್ತಾ ಹೊತ್ತುಕೊಂಡು ಹೋಗಿ ಸುರಿದು ಬರಬೇಕು. ಎಷ್ಟೇ ದೊಡ್ಡ ಮನುಷ್ಯನಾದರೂ ಬೆಳಗ್ಗೆ ಎಂಟು ಗಂಟೆಗೆ ಅವನ ಕೈಯಲ್ಲಿ ಅದೇ ಪೆಟ್ಟಿಗೆ. ಈ ದೇಶದಲ್ಲಿ ನಾನು ಕಂಡ ನಿಜವಾದ ಸಮಾನತೆ ಅದೊಂದೇ.

ಲೆಕ್ಕದ ವಿಷಯ ಅಮ್ಮನಿಗೂ ಹೋಯಿತು. ಅಮ್ಮ ಸ್ಪೀಕರಿನಲ್ಲಿ ಹೇಳಿದಳು: ‘ನಮ್ಮೂರ ತೇರು ವರ್ಷವೆಲ್ಲ ತಗಡಿನ ಕೆಳಗೇ ನಿಂತಿರುತ್ತೆ ಕಣೋ. ಎಳೆಯೋದು ಒಂದೇ ದಿನ. ಹಾಗಂತ ಯಾರಾದ್ರೂ ಮಾರಿದಾರಾ?’

‘ತೇರಿಗೆ ಬಾಡಿಗೆ ಇಲ್ಲವಲ್ಲ ಅತ್ತೆ’ ಎಂದಳು ಇವಳು.

‘ಎಳೆಯೋಕೆ ಊರೇ ಬರುತ್ತಲ್ಲಮ್ಮ.’

ಇಬ್ಬರೂ ಸರಿ ಎನ್ನಿಸಿ ನಾನು ಚಹಾ ಮಾಡಲು ಎದ್ದೆ.

ಅಷ್ಟಾದ ಮೇಲೆ ಬಂದದ್ದು ವರ್ಷದ ಸರ್ವೀಸು. ಗಾಡಿ ನಿಂತಲ್ಲಿಗೇ ಬರುವ ಮೆಕ್ಯಾನಿಕ್ ಒಬ್ಬರಿದ್ದಾರೆ, ಡರ್ಬಿಯ ಕಡೆಯವರು. ಅಲ್ಲಿಯವರು ಗಂಡಸು ಹೆಂಗಸು ಎನ್ನದೆ ಎಲ್ಲರನ್ನೂ ‘ಡಕ್’ ಎಂದೇ ಕರೆಯುತ್ತಾರೆ, ಕೇಳಲು ಬಾತುಕೋಳಿ ಎಂಬ ಅರ್ಥದ ಡಕ್ಕಿನಂತೆಯೇ. ಮೆಕ್ಯಾನಿಕ್ ಮೊದಲು ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಒರೆಸಿದರು. ರಬ್ಬರಿನ ಮೇಲೆ ಉಬ್ಬಿದ ನಾಲ್ಕು ಅಂಕಿ: 1716. 2016ನೇ ಇಸವಿಯ ಹದಿನೇಳನೇ ವಾರದಲ್ಲಿ ಹುಟ್ಟಿದ ಟೈರು ಎಂದರ್ಥ. ಗೀರು ಹೊಸದರಷ್ಟೇ ಆಳವಾಗಿದೆ, ಆದರೆ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು. ಓಡಿ ಸವೆದದ್ದಲ್ಲ, ನಿಂತು ಸವೆದದ್ದು. ಕ್ಯಾರವಾನ್ ಟೈರನ್ನು ಸವೆತ ನೋಡಿಯಲ್ಲ, ವಯಸ್ಸು ನೋಡಿ ಬದಲಿಸಬೇಕಂತೆ. ಐದು ವರ್ಷ, ತಪ್ಪಿದರೆ ಏಳು. ನಿವೃತ್ತಿಗೆ ಎರಡು ವರ್ಷ ಬಾಕಿ ಇರುವ ನಾನು ನನ್ನ ಮಂಡಿಯನ್ನು ಸುಮ್ಮನೆ ಒಮ್ಮೆ ಮುಟ್ಟಿ ನೋಡಿಕೊಂಡೆ.

ಆಮೇಲೆ ಅವರು ತೇವ ಅಳೆಯುವ ಯಂತ್ರ ತೆಗೆದರು. ಎರಡು ಸೂಜಿ ಇರುವ ಪುಟ್ಟ ಮೀಟರು. ಗೋಡೆಗೆ ಒತ್ತಿದರೆ ಎಷ್ಟು ನೀರು ಕುಡಿದಿದೆ ಎಂದು ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. 15ರೊಳಗಿದ್ದರೆ ಕ್ಷೇಮ, 20 ದಾಟಿದರೆ ಚಿಂತೆ, 30 ದಾಟಿದರೆ ಒಳಗಿನ ಮರ ಕೊಳೆಯುತ್ತಿದೆ ಎಂದು ತಿಳಿಯಬೇಕು. ಬಾಗಿಲ ಬಳಿ 11. ಒಲೆಯ ಬಳಿ 13. ನಾನು ಹಿಗ್ಗಿದೆ. ಮುಂದಿನ ಬಲಮೂಲೆಗೆ ಒತ್ತಿದಾಗ ಮೀಟರು ಕುಂಯ್ ಎಂದಿತು. 28. ‘ಇಲ್ಲಿ ನೀರು ಇಳಿದಿದೆ, ಡಕ್’ ಎಂದರು. ಸಂದರ್ಭಕ್ಕೆ ಇದಕ್ಕಿಂತ ಸರಿಯಾದ ಸಂಬೋಧನೆ ಇರಲಿಲ್ಲ. ಗೋಡೆ ಬಿಚ್ಚಿ ಮರ ಬದಲಿಸಲು ಸಾವಿರದ ನೂರು ಪೌಂಡ್. ಗಾಡಿ ಮಾರಿದರೆ ಬರುವುದು ಸಾವಿರದ ಐನೂರು. ಹೆಂಡತಿ ಡಾಕ್ಟರು, ಇಂಥ ಕೇಸು ದಿನಾ ನೋಡುವವಳು. ಒಂದು ಮಾತೂ ಆಡದೆ ಮನೆಯವರಿಗೆ ಯೋಚಿಸಲು ಸಮಯ ಕೊಡುವ ಮುಖ ಮಾಡಿಕೊಂಡು ನಿಂತಳು.

ಹಳೆಯದು ಬೇಡವೆಂದರೆ ಹೊಸದಾದರೂ ಹೇಗಿದೆ ನೋಡೋಣ ಎಂದು ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಎನ್‌ಇಸಿ ಎಂಬ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಕ್ಯಾರವಾನ್ ಪ್ರದರ್ಶನಕ್ಕೆ ಹೋದೆವು. ಅಲ್ಲಿಯ ಸಭಾಂಗಣಗಳಲ್ಲಿ ಜನ ಚಪ್ಪಲಿ ಬಿಚ್ಚಿ ಕ್ಯಾರವಾನಿನೊಳಗೆ ಹೋಗುವುದನ್ನು ಕಂಡಾಗ ನನಗೆ ದೇವಸ್ಥಾನಕ್ಕೆ ಬಂದಂತಾಯಿತು. ಒಳಗೆ ಎರಡೂ ಕಡೆಯಿಂದ ಇಳಿಯಬಹುದಾದ ಮಂಚ, ನೀರಿನ ಕೊಳವೆಯ ಹೀಟಿಂಗ್, ರಿಮೋಟ್ ಒತ್ತಿದರೆ ತಾನಾಗಿ ತಿರುಗಿ ನಿಲ್ಲುವ ಚಕ್ರ. ಬೆಲೆ 30,000 ಪೌಂಡಿನ ಆಸುಪಾಸು. ಪೌಂಡನ್ನು ರೂಪಾಯಿಗೆ ತಿರುಗಿಸಬಾರದೆಂದು ಇಪ್ಪತ್ತು ವರ್ಷದ ಹಿಂದೆ ಪ್ರತಿಜ್ಞೆ ಮಾಡಿದ್ದೆ, ಅಲ್ಲೇ ಮುರಿದೆ. ಹೆಂಡತಿ ಒಲೆಯ ಮೇಲೆ ಗೇಣು ಹಾಕಿ ಅಳೆದು, ‘ದೋಸೆ ಹೆಂಚು ಕೂರಲ್ಲ’ ಎಂದಳು. ಮಾರುವ ಹುಡುಗ ಅದು ಎಂಥ ಹೆಂಚು ಎಂದು ಆಸಕ್ತಿಯಿಂದ ಕೇಳಿ ಬರೆದುಕೊಂಡ.

ದೋಸೆಗಿಂತ ದೊಡ್ಡ ತೊಡಕು ತೂಕದ್ದು. ಕ್ಯಾರವಾನ್ ತುಂಬಿದಾಗಿನ ತೂಕ ಕಾರಿನ ತೂಕದ ನೂರಕ್ಕೆ 85 ದಾಟದಿದ್ದರೆ ಒಳ್ಳೆಯದು ಎಂಬುದು ಇಲ್ಲಿಯ ಬುದ್ಧಿವಾದ. ಇಲ್ಲದಿದ್ದರೆ ನಾಯಿಯನ್ನು ಬಾಲವೇ ಅಲ್ಲಾಡಿಸುತ್ತದೆ. ನಮ್ಮ ಕಾರು 1,500 ಕೆಜಿ, ಎಳೆಯಬಹುದಾದದ್ದು 1,275. ಹೊಸ ಗಾಡಿ 1,700. ಅಂದರೆ ಹೊಸ ಕ್ಯಾರವಾನಿಗೆ ಹೊಸ ಕಾರು ಬೇಕು, ಹೊಸ ಕಾರಿಗೆ ಗ್ಯಾರೇಜು ಅಗಲವಾಗಬೇಕು. ಇಲಿಗೆಂದು ಬೆಕ್ಕು, ಬೆಕ್ಕಿಗೆಂದು ಹಸು ಸಾಕಿದ ಸನ್ಯಾಸಿಯ ಕಥೆ. ಮೊದಲಾಗಿದ್ದರೆ ನನಗೆ ಕಾನೂನಿನದೊಂದು ನೆಪವೂ ಇತ್ತು. 1997ರಿಂದೀಚೆ ಲೈಸೆನ್ಸ್ ಪಡೆದವರು ಕಾರು, ಕ್ಯಾರವಾನ್ ಸೇರಿ 3,500 ಕೆಜಿ ದಾಟಿದರೆ ಬೇರೆಯೇ ಪರೀಕ್ಷೆ ಕೊಡಬೇಕಿತ್ತು. 2021ರ ಡಿಸೆಂಬರಿನಲ್ಲಿ ಸರ್ಕಾರ ಅದನ್ನು ತೆಗೆದುಹಾಕಿ ನನ್ನಂಥವರ ಹೊಟ್ಟೆಯ ಮೇಲೆ ಹೊಡೆಯಿತು.

ಪ್ರದರ್ಶನದಿಂದ ವಾಪಸಾಗುವಾಗ ನನಗೆ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ನೆನಪಾದ. ಮೋಜಿಗಾಗಿ ಕ್ಯಾರವಾನ್ ಕಟ್ಟಿಸಿದ ಮೊದಲಿಗ ಎಂದು ಇಲ್ಲಿಯವರು ಹೇಳುವುದು ಅವನನ್ನೇ. ನೌಕಾಪಡೆಯಲ್ಲಿ ಡಾಕ್ಟರಾಗಿದ್ದು, ಹುಡುಗರಿಗಾಗಿ ಸಾಹಸ ಕಥೆ ಬರೆಯುತ್ತಿದ್ದವನು. 1885ರಲ್ಲಿ ಬ್ರಿಸ್ಟಲಿನಲ್ಲಿ ‘ವಾಂಡರರ್’ ಎಂಬ ಮರದ ಗಾಡಿ ಮಾಡಿಸಿ, ಎರಡು ಕುದುರೆ ಹೂಡಿ ಸ್ಕಾಟ್ಲೆಂಡಿಗೆ ಹೊರಟ. ಜೊತೆಗೊಬ್ಬ ಸಾರಥಿ, ಒಂದು ನಾಯಿ. ಎದುರು ಬರುವ ಬಂಡಿಗಳಿಗೆ ಎಚ್ಚರಿಕೆ ಕೊಡಲು ಮುಂದೆ ಟ್ರೈಸಿಕಲ್ ತುಳಿಯುವ ಸೇವಕ. ಆ ಸೇವಕನ ಸ್ಥಾನದಲ್ಲಿ ನನ್ನ ಹೆಂಡತಿ ಇದ್ದಾಳೆ. ವ್ಯತ್ಯಾಸವೆಂದರೆ ನಮ್ಮಲ್ಲಿ ಅಪಾಯ ಇರುವುದು ಹಿಂದಿನ ಕಡೆಗೆ. ಕ್ಯಾರವಾನ್ ಹಿಂದಕ್ಕೆ ಬಿಡುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೊರಳುತ್ತದೆ. ‘ಬಲಕ್ಕೆ ರೀ, ಬಲಕ್ಕೆ! ನಿಮ್ಮ ಬಲಕ್ಕಲ್ಲ, ನನ್ನ ಬಲಕ್ಕೆ!’ ಸೈಟಿನಲ್ಲಿ ಮೊದಲೇ ಬಂದು ನೆಲೆಸಿದವರು ಈ ಹೊತ್ತಿಗಾಗಿಯೇ ಮಡಿಸುವ ಕುರ್ಚಿ ಹಾಕಿಕೊಂಡು, ಚಹಾ ಹಿಡಿದು ಕಾದಿರುತ್ತಾರೆ. ಊರಿನಲ್ಲಿ ತೇರಿನ ಚಕ್ರಕ್ಕೆ ಮರದ ತುಂಡು ಕೊಟ್ಟು ತಿರುಗಿಸುವವರ ಮೇಲೆ ಸಾವಿರ ಜನ ಏಕಕಾಲಕ್ಕೆ ಸಲಹೆ ಎಸೆಯುವುದನ್ನು ನೋಡಿ ಬೆಳೆದವನು ನಾನು. ಇಲ್ಲಿಯವರು ಸಲಹೆ ಕೊಡುವುದಿಲ್ಲ, ಸುಮ್ಮನೆ ನೋಡುತ್ತಾರೆ. ಅದು ಇನ್ನೂ ಕಷ್ಟ.

ಆದರೂ ಈ ನೋಟಕರಿಗೆ ನಾವೂ ಒಮ್ಮೆ ಬುದ್ಧಿ ಕಲಿಸಿದ್ದೇವೆ. ಅಮ್ಮ ಬಂದ ವರ್ಷ, ವೇಲ್ಸಿನ ಒಂದು ಸೈಟು. ಒಗ್ಗರಣೆ ಹಾಕಿದರೆ ಒಳಗಿನ ಹೊಗೆ ಅಲಾರಂ ಬಡಿದುಕೊಳ್ಳುತ್ತದೆಂದು ಅಮ್ಮ ಹೊರಗೆ, ಗಾಡಿಗೆ ಜೋಡಿಸಿದ ಡೇರೆಯಲ್ಲಿ ಪುಟ್ಟ ಒಲೆ ಹೂಡಿ, ತುಪ್ಪ, ಸಾಸಿವೆ, ಕರಿಬೇವು, ಕೊನೆಗೆ ಇಂಗು ಹಾಕಿದಳು, ಊರಿನ ಘಾಟು ಇಂಗು. ಗಾಳಿ ಪಕ್ಕದ ಕ್ಯಾರವಾನ್ ಕಡೆಗಿತ್ತು. ಎರಡು ನಿಮಿಷದಲ್ಲಿ ಆ ಮನೆಯ ಯಜಮಾನರು ಚಡ್ಡಿಯಲ್ಲೇ ಹೊರಗೆ ಧಾವಿಸಿ, ತಮ್ಮ ಸಿಲಿಂಡರ್ ಮುಚ್ಚಿ, ನಮ್ಮ ಕಡೆ ತಿರುಗಿ, ‘ಗ್ಯಾಸ್ ಸೋರುತ್ತಿದೆ, ಎಲ್ಲರೂ ಹೊರಗೆ ಬನ್ನಿ!’ ಎಂದು ಕೂಗಿದರು. ಅವರನ್ನು ನೋಡಿ ನಗುವಂತಿಲ್ಲ. ಸೋರಿದರೆ ಗೊತ್ತಾಗಲೆಂದು ಗ್ಯಾಸಿಗೆ ಬೆರೆಸುವುದು ಗಂಧಕದ ಸಂಯುಕ್ತವನ್ನೇ, ಇಂಗಿನ ವಾಸನೆಗೆ ಕಾರಣವೂ ಗಂಧಕದ ಸಂಯುಕ್ತಗಳೇ. ಅವರ ಮೂಗು ರಸಾಯನಶಾಸ್ತ್ರದಲ್ಲಿ ಪಾಸಾಗಿತ್ತು. ಅಮ್ಮ ಏನೂ ಅರ್ಥವಾಗದೆ, ಗಾಬರಿಯಾದವರಿಗೆ ಮೊದಲು ಕೊಡಬೇಕಾದದ್ದನ್ನು ಕೊಟ್ಟಳು. ಅವರು ಎರಡು ಬಟ್ಟಲು ಸಾರು ಕುಡಿದರು. ಮರುದಿನ ಸಂಜೆ ಬಟ್ಟಲು ತಾವೇ ತಂದಿದ್ದರು.

ಕೊನೆಗೆ ಹೋದ ತಿಂಗಳು ತೀರ್ಮಾನವಾಯಿತು: ಹೊಸದು ಬೇಡ, ಹಳೆಯದನ್ನು ಮಾರುವುದು. ಜಾಹೀರಾತಿಗೆ ಒಳಗಿನ ಫೋಟೋ ಬೇಕು. ಒಂದು ಭಾನುವಾರ ಬಕೆಟ್ಟು, ಬ್ರಷ್ಷು ಹಿಡಿದು ಹೊಲಕ್ಕೆ ಹೋದೆವು. ಬಿಳಿ ಮೈಯ ತುಂಬ ಹಸಿರು ಪಾಚಿ. ಇಬ್ಬರೂ ಸೇರಿ ಉಜ್ಜಿದೆವು, ಮದುವೆಮನೆಗೆ ಹೆಣ್ಣು ಸಿಂಗರಿಸಿದ ಹಾಗೆ. ಒಳಗೆ ಪರದೆ ಕಟ್ಟಿ, ದಿಂಬು ಕೊಡವಿ, ಕಪಾಟು ತೆಗೆದರೆ ಒಂದು ಡಬ್ಬಿಯ ತಳದಲ್ಲಿ ಇನ್ನೂ ಇಂಗಿನ ವಾಸನೆ. ಸಿಲಿಂಡರಿನಲ್ಲಿ ಒಂದು ಕೆಟಲ್ ಕಾಯಿಸುವಷ್ಟು ಗ್ಯಾಸ್ ಇತ್ತು. ಚಹಾ ಕುಡಿಯುವಾಗ ಮಳೆ ಹಿಡಿಯಿತು. ತೆಳು ಮಾಡಿನ ಮೇಲೆ ಮಳೆ ಬೀಳುವ ಸದ್ದು ಊರಿನ ಹೆಂಚಿನ ಮನೆಯಲ್ಲಿ ಬಿಟ್ಟರೆ ನಾನು ಕೇಳಿದ್ದು ಇಲ್ಲೇ.

‘ಐದು ನಿಮಿಷ ಇರಿ’ ಎಂದು ಅವಳು ಸೋಫಾದ ಮೇಲೆ ಕಾಲು ಚಾಚಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹಗಲು ಮಲಗಿದ್ದನ್ನು ನಾನು ಕಾಣದ ಹೆಂಗಸು. ಬಾಯಿ ಸ್ವಲ್ಪ ತೆರೆದು, ಕೈಯಲ್ಲಿ ಪಾಚಿಯ ಬಟ್ಟೆ ಹಾಗೇ ಹಿಡಿದು, ಒಂದೂವರೆ ಗಂಟೆ ಗಾಢವಾಗಿ ನಿದ್ದೆ ಹೋದಳು. ನಾನು ಸದ್ದು ಮಾಡದೆ ಒಲೆ, ಕಪಾಟು, ಕಿಟಕಿ, ಆ ಬಲಮೂಲೆ ಬಿಟ್ಟು ಎಲ್ಲ ಕೋನದಿಂದ ಹದಿನೆಂಟು ಫೋಟೋ ತೆಗೆದೆ.

ಮನೆಗೆ ಬಂದು ನೋಡಿದರೆ ಹದಿನೆಂಟರಲ್ಲೂ ಎಲ್ಲೋ ಒಂದು ಕಡೆ ಅವಳಿದ್ದಾಳೆ. ಕೆಲವುಗಳಲ್ಲಿ ಮುಖ, ಕೆಲವುಗಳಲ್ಲಿ ಪಾದ. ಜಾಹೀರಾತಿಗೆ ಹಾಕುವಂತಿಲ್ಲ. ಇನ್ನೊಂದು ಭಾನುವಾರ ಹೋಗಬೇಕು. ಈ ಸಲ ದಿಂಬು ಎರಡು ತಗೊಳ್ಳಿ ಎಂದಿದ್ದಾಳೆ.