ನೀರಿಗೂ ಒಂದು ಪಹಣಿ ಮಾಡಿಕೊಡಿ, ಸ್ವಾಮಿ

ಊಟಕ್ಕೆ ಹೋದ ಸಾಹೇಬರಿಗೆ ಪಿಲ್ಲಗುಂಪೆಯಿಂದ ನಮಸ್ಕಾರ.

ತಮ್ಮ ಕಚೇರಿಯ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ನನ್ನ ಅರ್ಜಿಯೂ ಊಟಕ್ಕೆ ಹೋಗುತ್ತದೆ. ಇವತ್ತು ಬಾಗಿಲು ತೆಗೆಯುವ ಮುಂಚೆಯೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದವನು ನಾನೇ. ಮೊದಲು ಸರ್ವರ್ ಇರಲಿಲ್ಲ. ಸರ್ವರ್ ಬಂದಾಗ ಗುಮಾಸ್ತರಿರಲಿಲ್ಲ. ಗುಮಾಸ್ತರು ಬಂದಾಗ ತಾವು ಊಟಕ್ಕೆ ಹೋಗಿದ್ದಿರಿ. ಸಂಜೆ ನಾಲ್ಕಕ್ಕೆ ಫೈಲು ವಾಪಸ್ ಬಂತು: 'ಪಕ್ಕದ ಸರ್ವೆ ನಂಬರಿನವರ ಒಪ್ಪಿಗೆ ಪತ್ರ ಲಗತ್ತಿಸಿರುವುದಿಲ್ಲ.'

ನಾನು ಕೇಳಿದ್ದು ಬೋರ್‌ವೆಲ್ ಕೊರೆಸಲು ಅನುಮತಿ. ಹೊಸಕೋಟೆ ತಾಲ್ಲೂಕು ಅಂತರ್ಜಲದ ಅತಿಬಳಕೆ ಪಟ್ಟಿಯಲ್ಲಿದೆ, ಅಂದರೆ ವರ್ಷದಲ್ಲಿ ಇಂಗುವುದಕ್ಕಿಂತ ಎತ್ತುವುದೇ ಜಾಸ್ತಿ. ಆದ್ದರಿಂದ 2011ರ ಅಂತರ್ಜಲ ಕಾಯ್ದೆಯಂತೆ ಕೇಳಿಯೇ ಕೊರೆಯಬೇಕು. ಒಪ್ಪಿದೆ. ಊರಿನ ಕುಡಿಯುವ ನೀರಿನ ಬೋರಿನಿಂದ 500 ಮೀಟರ್ ಒಳಗೆ ಹಾಗೆಲ್ಲ ಕೊರೆಯಬಾರದು ಎನ್ನುತ್ತದೆ 1999ರ ಕಾಯ್ದೆ. ಅದಕ್ಕೂ ಒಪ್ಪಿದೆ. ಪಕ್ಕದವರ ಒಪ್ಪಿಗೆ ತನ್ನಿ ಎಂದಿರಲ್ಲ, ಆಗಂತೂ ಸಂತೋಷವೇ ಆಯಿತು. ನೆಲದಡಿಯ ನೀರು ಬೇಲಿ ದಾಟುತ್ತದೆ ಅಂತ ಕೊನೆಗೂ ಒಂದು ಸರ್ಕಾರಿ ಕಚೇರಿಗೆ ಗೊತ್ತಾಯಿತಲ್ಲ!

ಕಾನೂನಿಗೆ ಇನ್ನೂ ಗೊತ್ತಾಗಿಲ್ಲ. ನಿರ್ದಿಷ್ಟ ಕಾಲುವೆಯಲ್ಲಿ ಹರಿಯದೆ ನೆಲದಡಿ ಇರುವ ನೀರನ್ನು ತನ್ನ ಹದ್ದಿನೊಳಗೆ ಎತ್ತಿಕೊಳ್ಳುವ ಹಕ್ಕು ಜಮೀನಿನ ಮಾಲೀಕನದು ಎಂದು 1882ರ ಈಸ್‌ಮೆಂಟ್ ಕಾಯ್ದೆ ಹೇಳಿಬಿಟ್ಟಿದೆ. ಅದಕ್ಕೂ 26 ವರ್ಷ ಮುಂಚೆ, 1856ರಲ್ಲಿ, ಫ್ರಾನ್ಸಿನ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಯಲ್ಲಿ ನೀರು ಬಿಟ್ಟು, ಅದು ಎಷ್ಟು ಜೋರಾಗಿ ಸಾಗುತ್ತದೆ ಎಂದು ಸೂತ್ರವನ್ನೇ ಬರೆದಿಟ್ಟಿದ್ದ. ನೀರಿನ ಮಟ್ಟ ಎತ್ತ ತಗ್ಗೋ ನೀರು ಅತ್ತ. ಆ ಸೂತ್ರದಲ್ಲಿ ಸರ್ವೆ ನಂಬರಿಗೆ ಜಾಗವಿಲ್ಲ, ಸ್ವಾಮಿ. ನೀರಿಗೆ ಪಹಣಿ ಇಲ್ಲ.

ನಮ್ಮ ಕಡೆ ನೆಲದಡಿ ಹೊಳೆಯೂ ಇಲ್ಲ, ಕೆರೆಯೂ ಇಲ್ಲ. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಶಿಥಿಲವಾದ ಪುಡಿಕಲ್ಲು, ಅದರಡಿ ಗ್ರಾನೈಟ್, ನೈಸ್ ಬಂಡೆ. ನೀರು ಹೆಚ್ಚಾಗಿ ತಂಗುವುದು ಆ ಪುಡಿಕಲ್ಲಿನಲ್ಲಿ. ನೂರು ಬಿಂದಿಗೆಯಷ್ಟು ಕಲ್ಲು ಬಸಿದರೆ ಎರಡು ಮೂರು ಬಿಂದಿಗೆ ನೀರು ಸಿಕ್ಕೀತು. ಅಜ್ಜಂದಿರು ಬಾವಿ ತೋಡಿ ಕುಡಿದದ್ದು ಅದನ್ನೇ. ಗಟ್ಟಿ ಬಂಡೆಯಲ್ಲಿ ಬಿರುಕಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ರಿಗ್ಗಿನವರು 'ಗ್ಯಾಪ್' ಅನ್ನುವುದು ಆ ಬಿರುಕಿಗೇ. ಸಾವಿರ ಅಡಿ ಇಳಿದು ಗ್ಯಾಪ್ ಸಿಕ್ಕರೆ ಎರಡಿಂಚು ನೀರು, ಸಿಗದಿದ್ದರೆ ಬರೀ ಧೂಳು. ಪಕ್ಕದ ಬೋರು ಬಿಡದೆ ಎಳೆದರೆ ಅದರ ಸುತ್ತ ನೀರಿನ ಮಟ್ಟ ಲಾಳಿಕೆಯ ಹಾಗೆ ತಗ್ಗುತ್ತದೆ, ನನ್ನ ಹೊಲದಡಿಯ ನೀರು ಅತ್ತ ಜಾರುತ್ತದೆ. ಒಪ್ಪಿಗೆ ಪತ್ರ ಲಗತ್ತಿಸದೆ!

ಕೆರೆ ಹೂಳಿನ ಬಗ್ಗೆ, ಮುಚ್ಚಿಹೋದ ರಾಜಕಾಲುವೆ ಬಗ್ಗೆ, ನಿಮ್ಮ ಎದುರಿನ ಜೆರಾಕ್ಸ್ ಅಂಗಡಿಯ ರೇಟಿನ ಬಗ್ಗೆಯೂ ಬರೆಯೋಣವೆಂದಿದ್ದೆ. ಬೇಡ. ಪಕ್ಕದವನ ಟ್ಯಾಂಕರ್ ವಿಷಯ ಒಂದೇ ಸಾಕು.

ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ, ಬೇರೆ ಕೆಲಸವೇನಿತ್ತು? ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ 800 ಮಿ.ಮೀ. ಆಸುಪಾಸು. ಒಂದು ಎಕರೆ ಮೇಲೆ ಬೀಳುವುದು ಸುಮಾರು 32 ಲಕ್ಷ ಲೀಟರು. ಇಂಥ ನೆಲದಲ್ಲಿ ಅದರಲ್ಲಿ ಇಂಗುವುದು ನೂರಕ್ಕೆ 8ರಿಂದ 11 ಪಾಲು ಎಂದು ಸರ್ಕಾರದ್ದೇ ಅಂದಾಜು. ಧಾರಾಳವಾಗಿ 11 ಎಂದೇ ಹಿಡಿಯಿರಿ. ಮೂರೂವರೆ ಲಕ್ಷ ಲೀಟರು ಚಿಲ್ಲರೆ. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ 60 ಲೋಡೂ ಆಗುವುದಿಲ್ಲ. ಇದು ಇಡೀ ವರ್ಷದ್ದು!

ನಮ್ಮ ಪಕ್ಕದವನದು ಒಂದೇ ಎಕರೆ. ದಿನಕ್ಕೆ ಹತ್ತು ಲೋಡು ತುಂಬಿಸಿ ಮಾರುತ್ತಾನೆ. ಅವನ ಎಕರೆಯ ನೀರು ಆರು ದಿನಕ್ಕೆ ಮುಗಿಯಿತು. ಏಳನೇ ದಿನದಿಂದ ಅವನು ಮಾರುತ್ತಿರುವುದು ಯಾರ ನೀರು? ನನ್ನದು. ಆಚೆ ಹೊಲದವರದು. ಊರಿನದು. ನನ್ನ ಹಳೇ ಬೋರು ಬತ್ತಿಸಿ ಎಳೆದ ನೀರನ್ನೇ ಟ್ಯಾಂಕರಿಗೆ ತುಂಬಿ ನನ್ನ ಮನೆ ಮುಂದೆ ತಂದು ನಿಲ್ಲಿಸುತ್ತಾನೆ, ನಾನು ದುಡ್ಡು ಕೊಟ್ಟು ಇಳಿಸಿಕೊಳ್ಳುತ್ತೇನೆ. ಅಂಥವನ ಹತ್ತಿರ ಹೋಗಿ ನಾನು ಒಪ್ಪಿಗೆ ಪತ್ರ ಬರೆಸಿಕೊಂಡು ಬರಬೇಕು. ನಾಚಿಕೆಯಾಗಲಿಲ್ಲವೇ ಅದನ್ನು ಬರೆಯಲು?

'ಪಕ್ಕದವರದು ಹಳೇ ಬೋರು ರೀ, ಅದರ ಫೈಲು ಇಲ್ಲಿ ಬರಲ್ಲ' ಎಂದರು ಗುಮಾಸ್ತರು. ಹಳೇ ಬೋರು ಹಳೇ ನೀರನ್ನಷ್ಟೇ ಎತ್ತುತ್ತದೆಯೇ? ನೀರಿಗೆ ಪಹಣಿ ಇಲ್ಲ, ಆಯಿತು. ಹುಟ್ಟಿದ ದಿನದ ಸರ್ಟಿಫಿಕೇಟ್ ಇದೆಯೋ?

ನಾನೇನೂ ಸನ್ಯಾಸಿಯಲ್ಲ. ತಾವು ಮಧ್ಯಾಹ್ನ ಒಂದು ಸಹಿ ಹಾಕಿದ್ದರೆ ಇಷ್ಟು ಹೊತ್ತಿಗೆ ರಿಗ್ಗಿನವರಿಗೆ ಅಡ್ವಾನ್ಸ್ ಕೊಟ್ಟು ನಾನೂ ಸಾವಿರ ಅಡಿಗೆ ಇಳಿಯುತ್ತಿದ್ದೆ, ಈ ಪತ್ರವೂ ಇರುತ್ತಿರಲಿಲ್ಲ. ನನ್ನ ನೀರು ಆಚೆಯವರದೋ ಈಚೆಯವರದೋ ಎಂದು ನಾನೂ ಕೇಳುತ್ತಿರಲಿಲ್ಲ. ಅದಕ್ಕೇ ಹೇಳುತ್ತಿರುವುದು, ನಮ್ಮನ್ನೆಲ್ಲ ನಂಬಬೇಡಿ, ಅಳೆಯಿರಿ. ಮಾರುವ ಬೋರಿಗೆ ಮೊದಲು ಮೀಟರು ಹಾಕಿಸಿ, ಎಷ್ಟು ಲೋಡು ಹೋಯಿತೆಂದು ಪಂಚಾಯಿತಿ ಬೋರ್ಡಿನ ಮೇಲೆ ಬರೆಸಿ. ನನಗೂ ಕೊಟ್ಟರೆ ನನ್ನದಕ್ಕೂ ಹಾಕಿಸಿ. ಹಾಕಿಸಲಾಗುವುದಿಲ್ಲ ಎಂದಾದರೆ ಅದನ್ನೇ ಒಂದು ಹಾಳೆಯಲ್ಲಿ ಬರೆದು ಸೀಲು ಒತ್ತಿ ಕೊಡಿ. ಸೀಲು ಒಂದು ಬತ್ತಿಲ್ಲವಲ್ಲ ನಿಮ್ಮಲ್ಲಿ.

ಇಂತಿ,
ತಮ್ಮ ಬೆಂಚಿನ ಕಾಯಂ ನಿವಾಸಿ,
ಪಿಲ್ಲಗುಂಪೆ, ಹೊಸಕೋಟೆ ತಾಲ್ಲೂಕು