51 ಸೆಂಟಿನ ಸುಖ

ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೊರಡುವ ಸಂಸಾರಗಳಲ್ಲಿ ಅಪ್ಪ-ಅಮ್ಮ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ: ಯಾವ ರೈಡು ಮೊದಲು, ಎಲ್ಲಿ ಕ್ಯೂ ಕಡಿಮೆ, ಮಧ್ಯಾಹ್ನ ಎಲ್ಲಿ ಊಟ. ಮಗು ಮಾತ್ರ ಒಳಗೆ ಕಾಲಿಟ್ಟ ಕೂಡಲೇ ಯಾವುದೋ ಅಂಗಡಿ ಬಾಗಿಲಿನ ನಾಣ್ಯ ಒತ್ತುವ ಯಂತ್ರಕ್ಕೆ ಜೋತುಬೀಳುತ್ತದೆ. ‘ಇಷ್ಟು ದುಡ್ಡು ಸುರಿದು ಬಂದದ್ದು ಇದಕ್ಕಾ?’ ಎಂದು ಹಿರಿಯರು ಹಣೆ ಚಚ್ಚಿಕೊಳ್ಳುತ್ತಾರೆ. ಹೌದು, ಇದಕ್ಕೇ ಎಂಬುದು ನನ್ನ ವಾದ. ಕೋಟೆ, ಮೆರವಣಿಗೆ, ರೈಡುಗಳೆಲ್ಲ ಹಿರಿಯರ ಫೋಟೋಗಳಿಗೆ. ಮಗುವಿನ ರಜೆ ಇರುವುದು ಈ ಚಿಲ್ಲರೆ ಬಾಬತ್ತುಗಳಲ್ಲಿ.

ರೈಡಿನಲ್ಲಿ ಮಗುವಿಗೆ ಕೆಲಸವೇ ಇಲ್ಲ. ಕೂರಿಸುತ್ತಾರೆ, ಅಡ್ಡಪಟ್ಟಿ ಬಿಗಿಯುತ್ತಾರೆ, ಕುಲುಕುತ್ತಾರೆ, ಇಳಿಸುತ್ತಾರೆ. ಅದೂ ಎತ್ತರ ಸಾಕಾದರೆ. ಸ್ಪೇಸ್ ಮೌಂಟನ್‌ಗೆ 44 ಇಂಚು ಬೇಕು. 43 ಇಂಚಿನ ವೀರನಿಗೆ ಅಳುವೊಂದೇ ಗತಿ. ಒಳಗೆ ಬಿಟ್ಟರೂ ಸವಾರಿ ಮೂರು ನಿಮಿಷದೊಳಗೆ ಮುಗಿಯುತ್ತದೆ, ಅದಕ್ಕಾಗಿ ಗಂಟೆಗಟ್ಟಲೆ ನಿಲ್ಲುವುದು ಮಾಮೂಲಿ. ನಾಣ್ಯದ ಯಂತ್ರ ಯಾರ ಎತ್ತರವನ್ನೂ ಅಳೆಯುವುದಿಲ್ಲ. ಹಳೆಯ ಮಾದರಿಯದಾದರೆ ಎರಡು ಕ್ವಾರ್ಟರು, ಒಂದು ಪೆನ್ನಿ, ಒಟ್ಟು 51 ಸೆಂಟು ಹಾಕಿ, ಚಿತ್ರ ಆರಿಸಿ, ಹಿಡಿಕೆಯನ್ನು ಎರಡೂ ಕೈಯಿಂದ ತಿರುಗಿಸಬೇಕು. ಗಾಜಿನಾಚೆ ಹಲ್ಲುಚಕ್ರಗಳು ಹೊರಳುತ್ತವೆ. ಉಕ್ಕಿನ ಎರಡು ಉರುಳೆಗಳ ನಡುವೆ ಲಿಂಕನ್ ಸಾಹೇಬರ ಮುಖ ಅಪ್ಪಚ್ಚಿಯಾಗಿ, ಮಿಕ್ಕಿಯ ಮುಖ ಹೊತ್ತ ಉದ್ದನೆಯ ಬಿಲ್ಲೆಯೊಂದು ಠಣ್ಣನೆ ಬೀಳುತ್ತದೆ. ಹಳಿಯ ಮೇಲೆ ಕಾಸಿಟ್ಟು ರೈಲಿಗೆ ಕಾದವರಿಗೆ ಈ ಸುಖವನ್ನು ಬಿಡಿಸಿ ಹೇಳಬೇಕಿಲ್ಲ. 1982ರಿಂದೀಚೆಗೆ ಪೆನ್ನಿಗಳನ್ನು ಸತುವಿನಲ್ಲಿ ಮಾಡಿ ಮೇಲೆ ತೆಳುವಾಗಿ ತಾಮ್ರ ಬಳಿಯುತ್ತಿದ್ದರು. ಒತ್ತಿದರೆ ಬೂದು ಗೆರೆ ಕಾಣುತ್ತದೆ. ಅದಕ್ಕೇ ಪಳಗಿದವರು ಹಳೆಯ ತಾಮ್ರದ ಪೆನ್ನಿಗಳನ್ನು ಉಜ್ಜಿ ಡಬ್ಬಿಯಲ್ಲಿ ತರುತ್ತಾರೆ. ಸರ್ಕಾರದ ನಾಣ್ಯ ಜಜ್ಜಿದ್ದಕ್ಕೆ ಪೊಲೀಸರು ಬಂದಾರೆಂದು ಬೆಂಗಳೂರಿನಿಂದ ಬಂದ ತಾತ ಹೆದರಬೇಕಿಲ್ಲ. ಅಲ್ಲಿನ ಕಾನೂನು ತಪ್ಪೆನ್ನುವುದು ಮೋಸಕ್ಕಾಗಿ ಜಜ್ಜಿದರೆ ಮಾತ್ರ.

1999ರಲ್ಲಿ, ಹೊಸ ಸಹಸ್ರಮಾನದ ಗದ್ದಲದಲ್ಲಿ ಶುರುವಾದ, ಚಿತ್ರದ ಪಿನ್ನುಗಳ ಅದಲುಬದಲು ಇನ್ನೂ ಸೊಗಸು. ಸಿಬ್ಬಂದಿಯ ಕೊರಳಪಟ್ಟಿ ತುಂಬ ಪಿನ್ನುಗಳು. ಮಗು ತನ್ನದೊಂದನ್ನು ಚಾಚಿ, ಬೇಕಾದ್ದನ್ನು ಬೆರಳಿಟ್ಟು ತೋರಿಸಿದರೆ ಸರಿ, ನಿಯಮಕ್ಕೆ ಒಪ್ಪುವ ಪಿನ್ನಾದರೆ ಅವರು ಬಿಚ್ಚಿ ಕೊಡುತ್ತಾರೆ. ಯಾವ ಅಂಗಿ, ಯಾವ ತಿಂಡಿ ಎಂಬುದೆಲ್ಲ ಬೇರೆಯವರ ತೀರ್ಮಾನವಾಗಿರುವ ಐದು ವರ್ಷದ ಜೀವದ ಮುಂದೆ ಸಮವಸ್ತ್ರದ ದೊಡ್ಡವರೊಬ್ಬರು ಬಗ್ಗಿ ಕಾಯುವುದೆಂದರೆ ಸಣ್ಣ ಮಾತೇ?

ಇದೆಲ್ಲ ವ್ಯಾಪಾರದ ಗಾಳ ಎನ್ನುವವರಿದ್ದಾರೆ. ಪಿನ್ನೂ ಅವರದೇ, ಪಿನ್ನಿನ ಅಂಗಡಿಯೂ ಅವರದೇ. ಒಂದು ಕೊಂಡವರು ಒಂದಕ್ಕೇ ನಿಲ್ಲುವುದಿಲ್ಲ, ಒಪ್ಪಿದೆ. ಆದರೆ ಮೊದಲ ಭೇಟಿಯ ಬ್ಯಾಡ್ಜು, ಹುಟ್ಟುಹಬ್ಬದ ಬ್ಯಾಡ್ಜು ಕೇಳಿದರೆ ಪುಕ್ಕಟೆ. ವಿನ್ಯಾಸಕಾರರು ಗೋಡೆ-ನೆಲಗಳಲ್ಲಿ ಬಚ್ಚಿಟ್ಟ ಮೂರು ವೃತ್ತದ ಮಿಕ್ಕಿಯನ್ನು ಹುಡುಕಲಿಕ್ಕೂ ಕಾಸಿಲ್ಲ. ಕ್ಯೂನಲ್ಲಿ ಕಾಲು ನೋಯುತ್ತಿರುವ ಹಿರಿಯರಿಗಿಂತ ಸೊಂಟದೆತ್ತರದ ಕಣ್ಣಿಗೆ ಅದು ಬೇಗ ಸಿಗುತ್ತದೆ. ಹಾಗಾದರೆ ಇದಕ್ಕೆ ಫ್ಲೋರಿಡಾ ತನಕ ಯಾಕೆ ಹೋಗಬೇಕು, ಮನೆಯಲ್ಲೇ ಕಾಸು ಜಜ್ಜಬಾರದೇ ಎಂಬ ಪ್ರಶ್ನೆ ಕೊಂಚ ಗಟ್ಟಿಯದು. ಮನೆಯಲ್ಲಿ ಜಜ್ಜಿದರೆ ಬೈಗುಳ ಸಿಗುತ್ತದೆ. ಅಲ್ಲಿ ಅಪ್ಪನೇ ಚಿಲ್ಲರೆ ಕೊಟ್ಟು ಪಕ್ಕದಲ್ಲಿ ನಿಲ್ಲುತ್ತಾನೆ. ಟಿಕೆಟ್ಟಿನ ದುಡ್ಡು ವಸೂಲಾಗುವುದು ಅಲ್ಲಿಯೇ ಎಂದುಕೊಳ್ಳೋಣ.

ನನ್ನ ಆತಂಕ ಬೇರೆ. ಅಮೆರಿಕದ ಟಂಕಸಾಲೆ 2025ರ ನವೆಂಬರಿನಲ್ಲಿ ಚಲಾವಣೆಗೆಂದು ಪೆನ್ನಿ ಅಚ್ಚುಹಾಕುವುದನ್ನು ನಿಲ್ಲಿಸಿತು. ಹೊಸ ಯಂತ್ರಗಳಿಗೆ ಅದೇನೂ ತೊಂದರೆಯಲ್ಲ. ಅವು ನಾಣ್ಯವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ಗುಂಡಿ ಒತ್ತಿದರೆ ತಾವೇ ತಿರುಗುತ್ತವೆ. ಅಂದರೆ ಮಗು ಮತ್ತೆ ನಿಂತು ನೋಡಬೇಕು. ಹಿಡಿಕೆಯ ಯಂತ್ರ ಪಾರ್ಕಿನ ಇನ್ನೊಂದು ತುದಿಯಲ್ಲಿದ್ದರೂ ಅಲ್ಲಿಗೇ ನಡೆಯುವುದು ವಾಸಿ. ಅದರಿಂದ ಒಂದು ರೈಡು ತಪ್ಪಿದರೆ ತಪ್ಪಲಿ.