ಮಾಳಿಗೆ ಮೇಲಿನ ಸರಳು

ದೇವಿಕೊಪ್ಪದ ನಮ್ಮ ಮನೆಯ ಮಾಳಿಗೆ ಮೇಲೆ ಕಂಬಕ್ಕೆ ನಾಲ್ಕರಂತೆ ಕಬ್ಬಿಣದ ಸರಳುಗಳು 2004ರಿಂದ ಮುಗಿಲು ನೋಡುತ್ತ ನಿಂತಿವೆ. ‘ಮುಂದ ಮ್ಯಾಲಿನ ಮನಿ ಕಟ್ಟಾಕ ಬೇಕಾಗತಾವ’ ಅಂತ ಅಪ್ಪ ಬಿಡಿಸಿದ್ದು. ಈವರೆಗೆ ಅವು ಮಾಡಿದ ಉಪಕಾರ ಅಂದರೆ ಅವ್ವನ ಸೀರೆ ಒಣಗಿಸಿದ್ದು. ಇಂಥ ಮನೆತನದ ನಾನು ಗೇಮ್ ಆಡಲು ಕಂಪ್ಯೂಟರ್ ಕಟ್ಟಲು ಹೊರಟರೆ ಬೇರೆ ಹೇಗೆ ಕಟ್ಟಿಯೇನು?

2023ರ ಗೋವಿನಜೋಳದ ದುಡ್ಡಿನಲ್ಲಿ ನನ್ನ ಪಾಲಿಗೆ ಬಂದದ್ದು ನಲವತ್ತು ಸಾವಿರ. ಅದರಲ್ಲಿ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಕೊಂಡರೆ ಉಳಿದದ್ದನ್ನೆಲ್ಲ ಎರೆಮಣ್ಣಿನಲ್ಲಿ ಮಾಡಿಕೊಳ್ಳಬೇಕು. ಹಾಗಾಗಿ ರೈಜನ್ 5 5600ಜಿ ಹಿಡಿದೆ. ಆರು ಕೋರಿನ ಈ ಪ್ರೊಸೆಸರ್ ಚಿತ್ರ ಮೂಡಿಸುವ ಕೆಲಸವನ್ನೂ ತಾನೇ ಮಾಡುತ್ತದೆ. ಆದರೆ ಆ ಕೆಲಸಕ್ಕೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನಿಂದ ಕಡ ತರುತ್ತದೆ. ಅದಕ್ಕೇ 16 ಜಿಬಿಯ ಒಂದೇ ರ‍್ಯಾಮ್ ಬೇಡ, 8ರವು ಎರಡಿರಲಿ. ಒಂಟಿ ಎತ್ತಿನಿಂದ ರಂಟೆ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಬ್ಬಳ್ಳಿಯ ಅಂಗಡಿಯವ, ‘ನಿಮ್ಮ ಮಷಿನ್ನಿಗೆ 450 ವಾಟಿನ ಎಸ್‌ಎಂಪಿಎಸ್ ಭಾಳಾತು’ ಅಂದ. ಅವನ ಮಾತು ಖರೆ. ನಾನು 650ರದೇ ತಂದೆ. ಮುಂದ ಕಾರ್ಡ್ ಬರುತ್ತದಲ್ಲ! ಉಳಿತಾಯ ಎಲ್ಲಿಯಾದರೂ ಮಾಡಿ, ಕರೆಂಟು ಹಂಚುವ ಎಸ್‌ಎಂಪಿಎಸ್‌ನಲ್ಲಿ ಮಾತ್ರ ಬೇಡ. ಊರ ಕರೆಂಟು ಏರಿಳಿದಾಗ ಮೊದಲು ಎದೆ ಕೊಡುವುದು ಅದೇ. ಮದರ್‌ಬೋರ್ಡಿನದು ಬೇರೆ ಕಥೆ. ನನ್ನದರಲ್ಲಿ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ ಹುಟ್ಟಿದ್ದು 2016ರಲ್ಲಿ. 2022ರಲ್ಲೇ ಎಎಂ5 ಬಂದು ಕೂತಿದೆ, ಅದು ಡಿಡಿಆರ್5 ಬಿಟ್ಟು ನನ್ನದರಂಥ ಹಳೆ ತಳಿಯ ರ‍್ಯಾಮನ್ನು ಹೊಸ್ತಿಲು ದಾಟಿಸುವುದಿಲ್ಲ. ಅಂದರೆ ನನ್ನ ಕಂಪ್ಯೂಟರಿನ ಮೇಲೆ ಇನ್ನೊಂದು ಮಜಲು ಏರೀತು, ಮೂರನೆಯದಕ್ಕೆ ಪಾಯ ತಡೆಯದು.

ಜೋಡಿಸಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು, ಮಾನಿಟರಾಗಿ ದುಡಿಯಬೇಕಿದ್ದ ಪಡಸಾಲೆಯ ಟಿವಿ ಮಾತ್ರ ಕಪ್ಪು. ಎರಡು ತಾಸು ಒದ್ದಾಡಿದೆ. ಅವ್ವ ಲಿಂಬಿಹಣ್ಣು ಇಳಿಸಿ ದಾರಿಗೆ ಒಗೆದು ಬಂದಳು. ಅಷ್ಟರಲ್ಲಿ ನಾನು ರ‍್ಯಾಮಿನ ಎರಡೂ ತುದಿ ಹೆಬ್ಬೆರಳಿಂದ ಅದುಮಿದೆ. ಟಕ್ ಅಂದಿತು, ಚಿತ್ರ ಬಂತು. ಹೆಸರು ಬಂದದ್ದು ಲಿಂಬಿಹಣ್ಣಿಗೆ.

ಅಜ್ಜ ಗಾಜಿನ ಕ್ಯಾಬಿನೆಟ್ಟಿನೊಳಗೆ ಹಣಿಕಿ ಹಾಕಿದ. ‘ಅರ್ಧ ಡಬ್ಬಿ ಖಾಲಿ ಐತಲ್ಲೋ ತಮ್ಮಾ. ಮೋಸ ಮಾಡ್ಯಾರೇನು?’

‘ಇಲ್ಲಜ್ಜಾ, ಮುಂದ ಕಾರ್ಡ್ ಹಾಕಾಕ ಜಾಗಾ ಬಿಟ್ಟೀನಿ.’

ಅಜ್ಜ ಒಮ್ಮೆ ಮಾಳಿಗೆ ನೋಡಿದ, ಒಮ್ಮೆ ಅಪ್ಪನನ್ನು ನೋಡಿದ. ಏನೂ ಅನ್ನಲಿಲ್ಲ. ಅಪ್ಪ ಎದ್ದು ದನಗಳಿಗೆ ನೀರು ಕುಡಿಸಲು ಹೋದರು.

ಸೆಟ್ಟಿಂಗ್ ಇಳಿಸಿಕೊಂಡರೆ ಜಿಟಿಎ 5 ಚೆನ್ನಾಗಿಯೇ ಓಡುತ್ತದೆ. ಕಾರ್ಡ್ ಮಾತ್ರ ಒಂದು ವರ್ಷ ಮಳೆಗೆ ಮುಂದೆ ಹೋಯಿತು, ಇನ್ನೊಂದು ವರ್ಷ ದರಕ್ಕೆ. ಇನ್ನೆರಡು ರ‍್ಯಾಮ್ ಆದರೂ ಸೇರಿಸೋಣವೆಂದರೆ 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಹಸಿವಿಗೆ ಅದೂ ತುಟ್ಟಿಯಾಯಿತು. ಸದ್ಯ ಕಾರ್ಡಿನ ಜಾಗದಲ್ಲಿ, ಇಲಿ ಬರಬಾರದೆಂದು ಅವ್ವ ಇಟ್ಟ ಎರಡು ಡಾಂಬರ್ ಗುಳಿಗೆಗಳಿವೆ. ಆಟ ಜೋರಾಗಿ ಫ್ಯಾನ್ ವೇಗ ಏರಿದಾಗ ಪಡಸಾಲೆಯೆಲ್ಲ ಹಳೆ ಟ್ರಂಕಿನ ವಾಸನೆ.